ನೀರು ಬತ್ತಿದ ಬೆನ್ನು

ತಿಪಟೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ರಿಪೋರ್ಟ್ ಟೈಪು ಮಾಡುವುದು ನನ್ನ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಜನರ ಬೆನ್ನುಮೂಳೆ ನನ್ನ ಬೆರಳ ಕೆಳಗೆ ಹಾದುಹೋಗುತ್ತದೆ. ಹಾಗಾಗಿ ನಾನು ಅರ್ಧ ಡಾಕ್ಟರು ಎಂಬ ಭ್ರಮೆ ಬಂದು ಬಹಳ ದಿನವಾಗಿತ್ತು. ಉಳಿದರ್ಧ ರೋಗಿ. ಎರಡು ವರ್ಷದಿಂದ ಸೊಂಟನೋವು. ಅಂಗಿಯೊಳಗೆ ಬೆಲ್ಟು, ಕುರ್ಚಿಗೆ ದಿಂಬು. ಸಿಬ್ಬಂದಿಯೆಂದು ಬಿಟ್ಟಿಯಾಗಿ ಸ್ಕ್ಯಾನ್ ಮಾಡಿಸಿಕೊಂಡರೆ, ನಮ್ಮ ಡಾಕ್ಟರ್ ಇಂಪನಾ ಮೇಡಂ ನೋಡಿ, ಪಾಠಪುಸ್ತಕಕ್ಕೆ ಹಾಕುವಂಥ ಬೆನ್ನು ಎಂದುಬಿಟ್ಟರು. ನನಗೆ ಅವಮಾನವೇ ಆಯಿತು.

ನೊಣವಿನಕೆರೆಯ ಬೋರಯ್ಯ ಬಂದದ್ದು ಶ್ರಾವಣದಲ್ಲಿ. ಅರವತ್ತೆರಡು ವರ್ಷ. ತೆಂಗಿನಕಾಯಿ ಸುಲಿಯುವುದು ಹದಿನೇಳನೇ ವಯಸ್ಸಿನಿಂದ ಅವರ ಕಸುಬು. ನೆಲಕ್ಕೆ ನೆಟ್ಟ ಚೂಪು ಕಬ್ಬಿಣದ ಮುಂದೆ ಬಗ್ಗಿ ದಿನಕ್ಕೆ ಸಾವಿರ ಕಾಯಿ. ತೋಟದ ಬದುವಿನಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡಿತ್ತು. ಸ್ಕ್ಯಾನಿನ ದಿನ ಬರುವಷ್ಟರಲ್ಲಿ ನೋವು ಹೋಗಿತ್ತು, ಮಗಳು ಬಿಡಲಿಲ್ಲವಂತೆ.

ಫಿಲಮ್ಮು ಕೊಟ್ಟು ಸುಮ್ಮನಿರಬಹುದಿತ್ತು. ನಾನು ಅದನ್ನು ಕಿಟಕಿಗೆ ಹಿಡಿದು ಪಾಠ ಶುರುಮಾಡಿದೆ. ಮೂಳೆಗಳ ನಡುವಿನ ಬಿಲ್ಲೆಗಳಲ್ಲಿ ನೀರಿದ್ದರೆ ಬೆಳ್ಳಗೆ ಕಾಣುತ್ತವೆ. ನಿಮ್ಮವು ಐದರಲ್ಲಿ ನಾಲ್ಕು ಕಪ್ಪಗಿವೆ, ನೀರು ಬತ್ತಿದೆ ಎಂದೆ.

ಬೋರಯ್ಯನ ಮುಖ ಅರಳಿತು. "ನೀರು ಬತ್ತೈತೆ ಅಂದ್ರೆ ಕೊಬ್ಬರಿ ಆಗೈತೆ ಅನ್ನಪ್ಪ."

ನಮ್ಮ ಸೀಮೆಯಲ್ಲಿ ಅದು ತಪ್ಪಲ್ಲ. ವರ್ಷವೆಲ್ಲ ಕಾಯಿಯನ್ನು ಅಟ್ಟದ ಮೇಲಿಟ್ಟು ಕಾಯುವುದೇ ಒಳಗಿನ ನೀರು ಬತ್ತಿ ಬೆಲೆ ಬರಲಿ ಎಂದು. ನಕ್ಕು ಬಿಡಬಹುದಿತ್ತು. ಅರ್ಧ ಡಾಕ್ಟರು ಬಿಡಬೇಕಲ್ಲ.

"ಕೊಬ್ಬರಿ ಅಲ್ಲ ಯಜಮಾನ್ರೇ, ಸವೆದೋಗಿದೆ. ಇನ್ಮೇಲೆ ಬಗ್ಗಬ್ಯಾಡಿ."

ಬಂದಾಗ ನೆಟ್ಟಗೆ ನಡೆದು ಬಂದವರು, ಹೋಗುವಾಗ ಗೋಡೆ ಹಿಡಿದು ಮೆಟ್ಟಿಲಿಳಿದರು.

ಇಪ್ಪತ್ತು ದಿನಕ್ಕೆ ಅವರ ಹೆಂಡತಿ ಬೋರಮ್ಮ ಕೌಂಟರಿನ ಮುಂದೆ ನಿಂತಿದ್ದರು. ಅವತ್ತಿನಿಂದ ಯಜಮಾನರು ಚಾಪೆ ಬಿಟ್ಟಿಲ್ಲ, ಚೊಂಬು ಎತ್ತಲೂ ಹೆದರುತ್ತಾರೆ, ಈಗ ನೋವೂ ಬಂದಿದೆ, ಬೇರೆಯವರನ್ನು ನೋಡಿಕೊಳ್ಳಿ ಎಂದು ತೋಟದವರಿಗೆಲ್ಲ ಹೇಳಿ ಕಳಿಸಿದ್ದಾರೆ ಎಂದರು. ಬೈಯಲಿಲ್ಲ. "ಆ ಫೋಟೋದಾಗೆ ಅಂಥದ್ದೇನೈತೆ ಕಣಪ್ಪ?" ಎಂದು ಕೇಳಿದರು, ಅಷ್ಟೇ.

ಇಂಪನಾ ಮೇಡಂ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಚಿತ್ರಗಳನ್ನು ಮತ್ತೆ ತೆರೆದು ನೋಡಿದರು, ಬೋರಯ್ಯನನ್ನು ಪರೀಕ್ಷೆ ಮಾಡಿ ಕಳಿಸಿದ್ದ ಮೂಳೆ ಡಾಕ್ಟರಿಗೂ ಫೋನ್ ಮಾಡಿದರು. ನರ ಎಲ್ಲೂ ಒತ್ತಿಲ್ಲ, ಕಾಲಿನ ಬಲ ಸರಿಯಿದೆ, ಮೆಲ್ಲಗೆ ಕೆಲಸಕ್ಕೆ ಇಳಿಯುವುದೇ ಒಳ್ಳೆಯದು. ಆ ವಯಸ್ಸಿಗೆ ನೋವೇ ಇಲ್ಲದವರ ಬೆನ್ನೂ ಬಹುಪಾಲು ಹೀಗೇ ಇರುತ್ತದೆ, ಕೂದಲು ನರೆತ ಹಾಗೆ ಎಂದರು.

"ಸವೆತ ಫಿಲಮ್ಮಲ್ಲಿ ಕಾಣುತ್ತೆ ಕಣ್ರೀ, ನೋವು ಕಾಣಲ್ಲ. ಮಲಗಿಸಿದೋರು ನೀವು, ನೀವೇ ಎಬ್ಬಿಸಿ ಬನ್ನಿ."

ಭಾನುವಾರ ನನ್ನ ಫಿಲಮ್ಮನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಬೋರಯ್ಯ ಜಗಲಿಯಲ್ಲಿ ಅಂಗಾತ ಮಲಗಿದ್ದರು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ನನ್ನದೇ ತಪ್ಪು ಎಂದೂ ಹೇಳಿದೆ. ಅವರು ಹೆಂಚು ನೋಡುತ್ತಿದ್ದರು. ಕೊನೆಗೆ ಮನೆಯಲ್ಲಿದ್ದ ಅವರ ಫಿಲಮ್ಮನ್ನೂ ನಾನು ತಂದದ್ದನ್ನೂ ಬಿಸಿಲಿಗೆ ಹಿಡಿದೆ.

"ಈ ಬೆಳ್ಳಗಿರೋದು ಯಾರ್ದು? ಎಳನೀರು ಗಂಜಿ ಇದ್ದಂಗೈತೆ."

"ನಂದೇ."

"ನಿಂಗೇನು ಬುಡು, ನೋವೇ ಇರಕ್ಕಿಲ್ಲ."

ನಾನು ಅಂಗಿ ಎತ್ತಿ ಬೆಲ್ಟು ತೋರಿಸಿದೆ. ಬೋರಮ್ಮ ಸೆರಗು ಬಾಯಿಗಿಟ್ಟುಕೊಂಡರು. ಬೋರಯ್ಯ ನಕ್ಕರು, ನಗುತ್ತ ನಗುತ್ತ ಎದ್ದು ಕೂತೇಬಿಟ್ಟರು. ಕೂತದ್ದು ಅವರಿಗೇ ತಡವಾಗಿ ಗೊತ್ತಾಯಿತು. ಪಕ್ಕದ ರಾಶಿಯಿಂದ ಒಂದು ಕಾಯಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿದರು. ಒಳಗೆ ಚಿಪ್ಪಿನಿಂದ ಬಿಟ್ಟುಕೊಂಡ ಕೊಬ್ಬರಿ ಲೊಟಲೊಟ ಎಂದಿತು.

"ಸಿಪ್ಪೆ ನೋಡಿ ಹೇಳೋನ್ನ ನಮ್ಮ ಕಡೆ ಯಾರೂ ನಂಬಲ್ಲ ಕಣಪ್ಪ. ನಾನ್ಯಾಕೆ ನಂಬಿದ್ನೋ."

ಆಮೇಲೆ ಅಂಗಳದ ಕಬ್ಬಿಣದ ಬಳಿಗೆ ನಡೆದರು. ಮೊದಲ ಸಲ ಬಗ್ಗಲು ಬಹಳ ಹೊತ್ತು ಹಿಡಿಯಿತು. ಬೋರಮ್ಮನ ಕೈ ಮುಂದೆ ಹೋಗಿ ಹಿಂದೆ ಬಂತು. ಕಾಯಿ ಕಬ್ಬಿಣಕ್ಕೆ ಇಳಿಯಿತು. ಮೂರು ಸಲ ಒತ್ತು, ಮೂರು ಸಲ ತಿರುವು, ಮಲಗಿದ ಮಗುವಿನ ಅಂಗಿ ಬಿಚ್ಚಿದಷ್ಟು ಸಲೀಸಾಗಿ ಸಿಪ್ಪೆ ಬಿತ್ತು. ಎರಡನೆಯದು, ಮೂರನೆಯದು. ಸಾವಿರಾರು ಬೆನ್ನು ನೋಡಿದವನು ನಾನು, ಎಲ್ಲವೂ ಮಲಗಿದ ಬೆನ್ನು. ಕೆಲಸ ಮಾಡುವ ಬೆನ್ನನ್ನು ಕಂಡದ್ದು ಅವತ್ತೇ ಮೊದಲು. ನಾನು ಕೆಟ್ಟಿದೆ ಎಂದು ತೀರ್ಪು ಕೊಟ್ಟ ಆ ನಾಲ್ಕು ಕಪ್ಪು ಬಿಲ್ಲೆಗಳು ನಲವತ್ತೈದು ವರ್ಷ ಈ ಮನುಷ್ಯನನ್ನು ಬಗ್ಗಿಸಿ ಎತ್ತಿ ಸಾಕಾಗದೆ, ನನ್ನ ಕಣ್ಣೆದುರೇ ಮತ್ತೆ ಎತ್ತುತ್ತಿದ್ದವು.

ಹತ್ತು ಕಾಯಿಗೆ ನಿಲ್ಲಿಸಿ ಸೊಂಟಕ್ಕೆ ಕೈಕೊಟ್ಟರು. ನೋವಿದೆಯೇ ಎಂದೆ. ಐತೆ, ಇರ್ಲಿ, ನಾಳೆ ಇಪ್ಪತ್ತು ಎಂದರು. ನನಗೂ ಒಂದು ಕಾಯಿ ಕೊಟ್ಟರು. ಬಗ್ಗಲು ಬೆಲ್ಟು ಅಡ್ಡ ಬಂತು. ಬಿಚ್ಚಿ ಜಗಲಿಗಿಟ್ಟು ಹೆಣಗಿ ಅರ್ಧ ಸಿಪ್ಪೆ ತೆಗೆದೆ.

ಬೆಲ್ಟು ಮರೆತದ್ದು ನೆನಪಾದದ್ದು ಬಸ್ಸು ಊರು ದಾಟಿದ ಮೇಲೆ. ಮಾರನೆಯ ಬೆಳಿಗ್ಗೆ ನನ್ನ ನೋವು ಟೈಮಿಗೆ ಸರಿಯಾಗಿ ಹಾಜರಾಯಿತು. ಮೊನ್ನೆ ಬೋರಮ್ಮ ಫೋನ್ ಮಾಡಿದ್ದರು: ಯಜಮಾನರು ಈಗ ದಿನಕ್ಕೆ ಮುನ್ನೂರು ಸುಲಿಯುತ್ತಾರಂತೆ, ಬೆಲ್ಟಿನಲ್ಲಿ ಕರು ಕಟ್ಟಿದ್ದಾರಂತೆ, ಬೇಕಿದ್ದರೆ ಬಂದು ಬಿಚ್ಚಿಕೊಂಡು ಹೋಗಬೇಕಂತೆ.