ಔಟಾದಾಂವ ಮತ್ತ ಬರ್ತಾನ

ಬೀಜದ ಕಂಪನಿ ಕೆಲಸಕ್ಕ ಹೊಂಟಾಂವ ಝಳಕಿಯ ಚಹಾದಂಗಡಿ ಟೀವಿ ಮುಂದ ಕುಂತುಬಿಟ್ಟೆ. ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್‌ನ್ಯಾಗ ಬ್ರೆಜಿಲ್ ಇಂಗ್ಲೆಂಡಿಗಿಂತ ಒಂದು ಗೋಲು ಮುಂದಿತ್ತು. ಬ್ರೆಜಿಲ್ ಬಿಟ್ರ ಫುಟ್‌ಬಾಲೇ ಇಲ್ಲ ಅನ್ನಾಂವ ನಾನು. ಅಷ್ಟರಾಗ ರೆಫರಿ ನಮ್ಮ ಆಟಗಾರನೊಬ್ಬನಿಗೆ ಕೆಂಪು ಕಾರ್ಡು ತೋರಿಸಿ ಹೊರಗ ಕಳಿಸಿದ. "ಇನ್ನ ಹತ್ತ ಮಂದೀನ ಆಡಬೇಕು, ಕೆಟ್ವಿ!" ಅಂದೆ.

ಬಾಜೂಕ ಕುಂತ ಅಜ್ಜಾರು ಹರೇದಾಗ ಕಬಡ್ಡಿ ಆಡಿದವರು. "ಯಾಕ ಅಂಜ್ತೀಯೋ ತಮ್ಮಾ? ನಮ್ಮಾವ್ರು ಇನ್ನೊಂದು ಗೋಲು ಹೊಡದ್ರ ಔಟಾದಾಂವ ಮತ್ತ ಒಳಗ ಬರ್ತಾನ," ಅಂದ್ರು.

"ಇದರಾಗ ಬರೂದಿಲ್ರಿ ಅಜ್ಜಾರ."

"ಬರೂದ ಇಲ್ಲ? ಇದೆಂಥಾ ಆಟಪಾ!" ಅಜ್ಜಾರಿಗೂ ಹೆದರಿಕಿ ಹತ್ತಿತು. ಮುಗಿಯೂತನಕ ನನ್ನ ಮೊಣಕೈ ಬಿಡಲಿಲ್ಲ. ಹೆಂಗೋ ಗೆದ್ವಿ.

ಫೈನಲ್ ನೋಡಾಕ ಅಲ್ಲಿಗೇ ಹೋದೆ. ಅದೇ ಆಟಗಾರ ಮೈದಾನಕ್ಕ ಇಳಿದಿದ್ದ.

"ಬರೂದಿಲ್ಲ ಅಂದಿದ್ದಿ?" ಅಜ್ಜಾರು ಅಂಗಡಿ ತುಂಬ ಕೇಳೂವಂಗ ಕೇಳಿದ್ರು.

ನಡುವಿನ ಸೆಮಿಫೈನಲ್ ಹೊರಗ ಕುಂತು ಒಂದು ಮ್ಯಾಚಿನ ಶಿಕ್ಷಾ ಮುಗಿಸಿ ಬಂದಾನ ಅಂತ ಹೇಳೂ ಧೈರ್ಯ ನನಗಾಗಲಿಲ್ಲ. ಚಹಾ ಕುಡಿದೆ.