ಬೆಟ್ಟಕ್ಕೆ ಒಗ್ಗಿದವರ ಪಾಠ

ಸಂಖ ಎಂಬ ಊರಿನ ಕನ್ನಡ ಶಾಲೆಯಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಆದಿಮಾನವರ ಪಾಠ ನನಗೆ ಬಾಯಿಪಾಠ. ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕುತ್ತಿದ್ದ ಜನ ಎತ್ತರದ ಬೆಟ್ಟಗಳಿಗೂ ಹೋದರು, ಅಲ್ಲಿನ ಚಳಿಗೂ ತೆಳು ಗಾಳಿಗೂ ಹೊಂದಿಕೊಂಡರು ಎಂದು ಹೇಳಿ ಮುಂದಿನ ಪುಟ ತೆಗೆಯುತ್ತಿದ್ದೆ. ನಮ್ಮ ಕಡೆ ಉಸಿರು ಕಟ್ಟಿಸುವಂಥ ಬೆಟ್ಟವೇ ಇಲ್ಲ. ಮಕ್ಕಳೂ ಏನೂ ಕೇಳುತ್ತಿರಲಿಲ್ಲ.

ಈ ವರ್ಷ ಮಗಳು ಗಡಿ ಪಡೆ ಸೇರಿ ಲಡಾಖಿಗೆ ಹೋದಳು. ಮೇಲಿನ ಚೌಕಿಗೆ ಕಳಿಸುವ ಮೊದಲು ಅವರನ್ನು ಕೆಳಗಿನ ಕ್ಯಾಂಪಿನಲ್ಲಿ ಇರಿಸಿ, ನಡೆಸಿ, ಡಾಕ್ಟರು ಪರೀಕ್ಷೆ ಮಾಡುತ್ತಾರೆ. ಆ ಗಾಳಿಗೆ ಒಗ್ಗದವರನ್ನು ವಾಪಸು ಇಳಿಸುತ್ತಾರೆ. ಹೋದ ದಿನವೇ ಫೋನು ಬಂತು.

"ಅಪ್ಪಾ, ತಲಿ ಸಿಡೀತೈತಿ. ಚಪಾತಿ ವಾಸನಿ ಬಂದ್ರ ಸಾಕು, ವಾಂತಿ ಬರ್ತೈತಿ. ಇಳಿಸಿ ಕಳಿಸಿಬಿಟ್ರ ಏನ್ ಮಾಡ್ಲಿ?"

ನಾನು ಮಾಸ್ತರ, ಮನಸ್ಸು ಕೆಟ್ಟಾಗ ಪುಸ್ತಕ ಹಿಡಿಯುವವನು. ಆದಿಮಾನವರು ಒಮ್ಮೆಲೇ ಮೇಲೆ ಹೋಗಿ ಸಂಸಾರ ಹೂಡಲಿಲ್ಲ ಎಂದು ಓದಿದೆ. ಎಷ್ಟೋ ಕಡೆ ಬೇಸಿಗೆಯಲ್ಲಿ ಬೇಟೆಯ ಹಿಂದೆ ಹತ್ತಿ, ಹಿಮ ಬೀಳುವ ಮೊದಲು ಇಳಿಯುತ್ತಿದ್ದರಂತೆ. ಗಾಳಿ ತಾಕದ ಗವಿ ಹುಡುಕಿ ಬೆಂಕಿ ಹಾಕಿ, ಬಿಲದ ಇಲಿಗಳನ್ನೂ ಸುಟ್ಟು ತಿನ್ನುತ್ತಿದ್ದರಂತೆ. ಮೈಯ ರಕ್ತ ಆ ಗಾಳಿಗೆ ಒಗ್ಗಲು ತಲೆಮಾರುಗಳೇ ಹಿಡಿದವು. ಮಗಳಿಗೆ ಕೊಟ್ಟದ್ದು ಒಂದು ವಾರ.

ಊಟಕ್ಕೆ ಕೂತಾಗ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಒಗ್ಗದವರು ಏನ್ ಮಾಡಿದ್ರು?"

"ಕೆಲವರು ಸತ್ತಿರಬೇಕು. ಉಳಿದವರು ಇಳಿದ್ ಬಂದಿರ್ತಾರ."

"ಹಂಗಾದ್ರ ಇಕಿನೂ ಇಳಿದ್ ಬರ್ಲಿ ಬಿಡ್ರಿ. ಇಲ್ಲೇನ್ ಕೂಳಿಗಿ ಕಡಿಮಿ ಐತೇನು?"

ಮಗಳು ನಪಾಸಾಗಲಿ ಎಂದು ನಾನೂ ಬಯಸಿದೆ. ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ, ಯಾರ ವಿಷಯದಲ್ಲೂ ಹಾಗೆ ಬಯಸಿದವನಲ್ಲ. ಆದರೆ ನನಗೆ ಹೆದರಿಕೆಯಾಗಿತ್ತು.

ವಾರ ಕಳೆದ ಮೇಲೆ ಮತ್ತೆ ಫೋನು ಬಂತು. ಹೆಂಡತಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಅಪ್ಪಾ, ಪಾಸಾಗೀನಿ! ನಾಳಿ ಮ್ಯಾಲಿನ ಚೌಕಿಗಿ ಹೊಂಟೀವಿ."

"ಶಾಬಾಸ್" ಎಂದೆ. ಮಾಸ್ತರನ ಬಾಯಿಗೆ ಅದು ರೂಢಿ. ಹೆಂಡತಿ ಫೋನು ಕಸಿದುಕೊಂಡಳು. ಹಾಗೇ ಅಳತೊಡಗಿದಳು. ಆ ಕಡೆ ಮಗಳು ನಗುತ್ತಿದ್ದಳು.

"ಯವ್ವಾ, ಖುಷಿ ಆತಂತ ಇಷ್ಟ್ ಅಳ್ತಾರೇನ?"

ನಾವಿಬ್ಬರೂ ತಿದ್ದಲು ಹೋಗಲಿಲ್ಲ.