ನಿದ್ದೆಗೆ ಅಡ್ಡಿಯಾದ ಅಜ್ಜ

ಶನಿವಾರ ಬೆಳಿಗ್ಗೆ, ಹೊರಗೆ ನೀರು ಹೆಪ್ಪುಗಟ್ಟಿಸುವ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್ ಚಳಿ. ಬಾಗಿಲು ತೆಗೆದರೆ ಗುರುಲಿಂಗಪ್ಪನವರು ನಿಂತಿದ್ದರು. ತಲೆಗೆ ಮಂಕಿ ಕ್ಯಾಪು, ಮೈಮೇಲೆ ಎರಡು ಸ್ವೆಟರು, ಕಂಕುಳಲ್ಲಿ ತಲೆದಿಂಬು. ಅವರ ಮನೆ ನಾರ್ತ್‌ವಿಲ್‌ನ ನಮ್ಮದೇ ಸಬ್‌ಡಿವಿಷನ್ನಿನಲ್ಲಿ, ಎಂದರೆ ಬಡಾವಣೆಯಲ್ಲಿ, ನಮ್ಮ ಮನೆಯಿಂದ ಆರನೆಯದು. ದಿನಾ ವಾಕಿಂಗ್ ಬರುವವರೇ. ಆದರೆ ತಲೆದಿಂಬಿನ ಸಮೇತ ವಾಕಿಂಗ್ ಬರುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಸರ, ಮನಿ ಬಿಡಿಸ್ಯಾರ ನನ್ನ," ಎಂದರು. "ಕೂಸಿನ ನಿದ್ದಿಗೆ ನಾನ ಅಡ್ಡಿ ಅಂತ."

ನನಗೆ ಮಾತೇ ಹೊರಡಲಿಲ್ಲ. ನನಗೆ ಮಾತು ಹೊರಡದಿರುವುದು ಎಷ್ಟು ಅಪರೂಪವೆಂದರೆ, ಏನಾಯಿತೋ ಎಂದು ನನ್ನ ಹೆಂಡತಿ ಶ್ರೀಲತಾ ಒಳಗಿನಿಂದ ಓಡಿಬಂದಳು.

ಗುರುಲಿಂಗಪ್ಪನವರು ವಿಜಯಪುರದವರು. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಅದರಲ್ಲಿ ಇಪ್ಪತ್ತು ವರ್ಷ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು. ಹೆಂಡತಿ ತೀರಿಕೊಂಡ ಮೇಲೆ ಮಗ ಸಾಕೇತನ ಜೊತೆಗಿರಲು ಬಂದು ನಾಲ್ಕು ವರ್ಷವಾಯಿತು. ಇಲ್ಲಿ ಅವರ ಕೈಗೆ ಯಾರೂ ಕಾರು ಕೊಡುವುದಿಲ್ಲ. ನನ್ನ ಪಕ್ಕದ ಸೀಟಿನಲ್ಲಿ ಕುಳಿತರೆ ಎರಡು ಮೈಲಿ ದೂರದ ಅಂಗಡಿ ತಲುಪುವುದರೊಳಗೆ ಇಲ್ಲದ ಬ್ರೇಕನ್ನು ನಲವತ್ತು ಸಲ ಒತ್ತಿರುತ್ತಾರೆ. ಖಾಲಿ ರಸ್ತೆಯ ಸ್ಟಾಪ್ ಸೈನ್ ಎದುರು ನಾನು ನಿಂತರೆ, "ಯಾರಿಗೆ ಕಾಯಾಕತ್ತೀರಿ ಸರ, ಸೀಟ್ ಖಾಲಿ ಅದಾವೇನು?" ಎಂದು ಕೇಳುತ್ತಾರೆ.

ಒಂಬತ್ತು ತಿಂಗಳ ಹಿಂದೆ ಮೊಮ್ಮಗ ಅನುಜ್ ಹುಟ್ಟಿದ ಮೇಲೆ ಅವರಿಗೆ ಮತ್ತೆ ಡ್ಯೂಟಿ ಸಿಕ್ಕಿತು. ಚಳಿ ಶುರುವಾದ ಮೇಲಂತೂ ಮಗು ರಾತ್ರಿ ಐದು ಸಲ ಎದ್ದು ಅಳುತ್ತಿತ್ತು. ಸಾಕೇತ, ಸೊಸೆ ಆಶ್ರಿತಾ ಕಣ್ಣುಜ್ಜಿಕೊಂಡು ಬರುವಷ್ಟರಲ್ಲಿ ಅಜ್ಜ ಅದನ್ನು ಹೆಗಲಿಗೆ ಹಾಕಿಕೊಂಡು ಅಡ್ಡಾಡುತ್ತಿರುತ್ತಿದ್ದರು. ಹೀಗಿದ್ದವರನ್ನೇ ಮನೆಯಿಂದ ಎಬ್ಬಿಸಿದ್ದರು.

ಹಿನ್ನೆಲೆಯನ್ನು ಸಾಕೇತ ಫೋನಿನಲ್ಲಿ ಹೇಳಿದ. ನೇಪರ್‌ವಿಲ್‌ನಲ್ಲಿ ಒಬ್ಬ ನಿದ್ದೆ ಟೀಚರ್ ಇದ್ದಾರೆ. ಮಕ್ಕಳಿಗೆ ರಾತ್ರಿಯಿಡೀ ಮಲಗುವುದನ್ನು ವಿಡಿಯೋ ಕಾಲಿನಲ್ಲೇ ಕಲಿಸಿಕೊಡುತ್ತಾರೆ. ತೊಟ್ಟಿಲ ಮೇಲಿನ ಕ್ಯಾಮರಾದಲ್ಲಿ ನಾಲ್ಕು ರಾತ್ರಿ ದಾಖಲಾದದ್ದನ್ನು ಅವರು ನೋಡಿದರಂತೆ. ಪ್ರತಿ ಸಲವೂ ಮೊದಲು ಬಾಗಿಲಲ್ಲಿ ಅಜ್ಜ ಕಾಣಿಸುತ್ತಾರೆ. ಆಮೇಲೆ ಮಗು ಏಳುತ್ತದೆ.

"ಅತ್ತ ಮೇಲೆ ಬರ್ತಾರೆ ಅಂದ್ಕೊಂಡಿದ್ವಿ ಅಂಕಲ್. ಆದ್ರೆ ಅವನು ಅಳೋಕೆ ಮುಂಚೇನೇ ಅಪ್ಪ ಬಂದು ನಿಂತಿರ್ತಾರೆ. ಎಬ್ಬಿಸ್ತಿರೋದೇ ಅವ್ರು."

ಶಿಕ್ಷೆ ಹೀಗಿತ್ತು: ಎರಡು ವಾರ ಅಜ್ಜ ಆ ಮನೆಯಲ್ಲಿ ಮಲಗಕೂಡದು. ಅಷ್ಟರಲ್ಲಿ ಮಗು ನೆಟ್ಟಗೆ ಮಲಗಿದರೆ ಅವರನ್ನು ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿರುವ ಮಗಳ ಮನೆಗೆ ಕಳಿಸುವುದು. ಶಿಕಾಗೋ ದಾಟಿ ಐದು ತಾಸಿನ ದಾರಿ.

"ಯಾವ ಪುಣ್ಯಾತ್ಮ ಕೊಟ್ಟನೋ ಆ ಟೀಚರ್ ನಂಬರು," ಎಂದರು ಗುರುಲಿಂಗಪ್ಪನವರು, ನಮ್ಮ ಅಡುಗೆಮನೆಯಲ್ಲಿ ಕುಳಿತು.

"ಇಲ್ಲೇ ಕೂತಿದ್ದಾರೆ," ಎಂದಳು ಶ್ರೀಲತಾ.

ಹೌದು, ನಾನೇ. ಡಿಸೆಂಬರಿನಲ್ಲಿ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್‌ನಲ್ಲಿ ಸಾಕೇತ ತಟ್ಟೆ ಹಿಡಿದು ನಿಂತಲ್ಲೇ ತೂಕಡಿಸುತ್ತಿದ್ದ. ಎರಡು ಮಕ್ಕಳನ್ನು ಬೆಳೆಸಿದ ಅನುಭವಿಯ ಗತ್ತಿನಲ್ಲಿ, ಯಾವುದೋ ವಾಟ್ಸಾಪ್ ಗುಂಪಿಗೆ ಬಂದಿದ್ದ ನಂಬರನ್ನು ಅವನಿಗೆ ದಾಟಿಸಿದ್ದೆ. ಆ ಟೀಚರ್ ಯಾರೆಂದು ನನಗೂ ಗೊತ್ತಿರಲಿಲ್ಲ.

"ಎರಡು ಮಕ್ಕಳಲ್ಲಿ ಇವ್ರು ಒಂದನ್ನೂ ಮಲಗಿಸಿದ್ದು ನಾ ಕಾಣೆ," ಎಂದು ಶ್ರೀಲತಾ ಮುಂದುವರಿಸಿದಳು. "ಅವು ಅಳೋಕೆ ಶುರು ಮಾಡಿದ್ರೆ ಇವ್ರ ಗೊರಕೆ ಜಾಸ್ತಿ ಆಗೋದು."

ಗುರುಲಿಂಗಪ್ಪನವರು ನನ್ನನ್ನು ಒಂದು ಕ್ಷಣ ನೋಡಿದರು. "ಇರ್ಲಿ ಬಿಡ್ರಿ," ಎಂದು ತಲೆದಿಂಬನ್ನೆತ್ತಿಕೊಂಡು ಬೇಸ್‌ಮೆಂಟಿಗೆ ಇಳಿದರು. ಬೈದಿದ್ದರೆ ಮೇಲಿತ್ತು.

ಮರುದಿನದಿಂದ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಮಗನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಎಷ್ಟು ಸಲ ಎದ್ದಿತ್ತು?" ಭಾನುವಾರ ಐದು ಸಲ. ಸೋಮವಾರ ಐದು. ಅಜ್ಜನಿಲ್ಲದೆಯೂ ಮಗು ಏಳುತ್ತಿದೆಯಲ್ಲ ಎಂದು ನಾನು ವಕಾಲತ್ತು ಹಾಕಿದೆ. ಅಜ್ಜ ಹಚ್ಚಿದ ಅಭ್ಯಾಸ ಬಿಡಲು ವಾರ ಬೇಕು ಎಂದು ಟೀಚರ್ ಹೇಳಿದ್ದಾರೆ ಎಂದ ಸಾಕೇತ.

ಮಂಗಳವಾರವೂ ಐದು ಸಲ ಎಂದು ತಿಳಿದಾಗ ಗುರುಲಿಂಗಪ್ಪನವರು ಫೋನ್ ಕೆಳಗಿಟ್ಟು, ರೊಟ್ಟಿ ಮುರಿಯುವುದನ್ನೂ ಬಿಟ್ಟು ಕುಳಿತರು.

"ಸರ, ಕೂಸು ಅತ್ತಿತು ಅಂದ ಕೂಡ್ಲೆ ನನಗ ಖುಷಿ ಆತು. ಅದು ಅತ್ರ ನಾ ಇಲ್ಲೇ ಉಳಿತೀನಿ, ಹೌದಿಲ್ಲೋ? ಮಲಗಿತಂದ್ರ ನಾ ಹೋಗಬೇಕು." ತಲೆಯೆತ್ತಿ ಕೇಳಿದರು: "ಎಂಥಾ ಅಜ್ಜರೀ ನಾ?"

ನನ್ನ ಬಳಿ ಎಲ್ಲದಕ್ಕೂ ಒಂದು ಹಾಸ್ಯದ ಮಾತು ಇರುತ್ತದೆ ಎಂಬುದು ಸಬ್‌ಡಿವಿಷನ್ನಿನ ನಂಬಿಕೆ. ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆನಷ್ಟೇ.

ಆ ದಿನ ಹವೆ ಇದ್ದಕ್ಕಿದ್ದಂತೆ ಬದಲಾಗಿ ಐವತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಏರಿತು. ಹಿಮವೆಲ್ಲ ಕರಗಿ ಹರಿಯಿತು. ಬುಧವಾರ ಬೆಳಿಗ್ಗೆ ಸಾಕೇತನೇ ಫೋನ್ ಮಾಡಿದ. ಮಗು ರಾತ್ರಿ ಎದ್ದದ್ದು ಒಂದೇ ಸಲ. ಟೀಚರ್ ಅಭಿನಂದಿಸಿದರಂತೆ. ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಅಕ್ಕ ಕೋಣೆ ಸಿದ್ಧ ಮಾಡುತ್ತಿದ್ದಾಳಂತೆ. ಭಾನುವಾರ ಅಪ್ಪನನ್ನು ಅವನೇ ಡ್ರೈವ್ ಮಾಡಿ ಬಿಟ್ಟುಬರುತ್ತಾನಂತೆ.

"ಹಂಗಾರ ನಾನ ಹೌದು," ಎಂದರು ಗುರುಲಿಂಗಪ್ಪನವರು. ಮೂವತ್ತೊಂದು ವರ್ಷದಲ್ಲಿ ಒಂದು ಆಡಿಗೂ ಬಸ್ಸು ತಾಗಿಸದ ಮನುಷ್ಯ, ಅಪಘಾತ ಮಾಡಿದವರಂತೆ ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು ಕುಳಿತರು.

ಬುಧವಾರ ರಾತ್ರಿ ಚಳಿ ಮರಳಿತು. ಗುರುವಾರ ಬೆಳಿಗ್ಗೆ ಅವರು ಬೇಸ್‌ಮೆಂಟಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿಬಂದರು. ನಾನಿನ್ನೂ ಹಲ್ಲುಜ್ಜುತ್ತಿದ್ದೆ.

"ಸರ, ನಿಮ್ಮ ಮನ್ಯಾಗ ಕೂಸಿಲ್ಲ. ಹೌದಿಲ್ಲೋ?"

ಬ್ರಷ್ ಬಾಯಲ್ಲಿಟ್ಟುಕೊಂಡೇ ಇಲ್ಲವೆಂದು ತಲೆಯಾಡಿಸಿದೆ.

"ಆದ್ರೂ ನನಗ ನಿನ್ನೆ ರಾತ್ರಿ ಐದು ಸಲ ಎಚ್ಚರ ಆತು. ಮೊನ್ನೆ ಬೆಚ್ಚಗಿತ್ತಲ್ಲ, ಆವತ್ತು ಒಂದ ಸಲ. ಬರ್ರಿ ಇಲ್ಲೆ."

ನನ್ನನ್ನು ಕೆಳಗೆ ಕರೆದೊಯ್ದು ಫರ್ನೇಸಿನ ಮುಂದೆ ನಿಲ್ಲಿಸಿದರು. ಮನೆ ಬಿಸಿ ಮಾಡುವ ಆ ಯಂತ್ರ ಗುಂಯ್ಯೆಂದು ಗಾಳಿ ಊದುತ್ತಿತ್ತು. ಮನೆ ಸಾಕಷ್ಟು ಬೆಚ್ಚಗಾದ ಕೂಡಲೇ ಟಕ್ಕೆಂದು ತಾನೇ ನಿಂತಿತು. ಚಳಿ ಹೆಚ್ಚಿದಷ್ಟೂ ಹೆಚ್ಚು ಸಲ ಹೀಗೆ ಶುರುವಾಗಿ ನಿಲ್ಲುವುದು ಅದರ ಕ್ರಮ. ಇಪ್ಪತ್ತೆರಡು ವರ್ಷದಿಂದ ಈ ಮನೆಯಲ್ಲಿದ್ದೇನೆ. ಅದು ನಿಂತಾಗ ಎಂಥ ನಿಶ್ಶಬ್ದ ಬೀಳುತ್ತದೆಂದು ಆವತ್ತೇ ಕೇಳಿದ್ದು.

"ನೈಟ್ ಬಸ್‌ನ್ಯಾಗ ಮಂದಿ ಹೆಂಗ ಮಲಗ್ತಾರ ಗೊತ್ತೇನು? ಗಾಡಿ ಗುಂಡಿಯೊಳಗ ಇಳೀಲಿ, ಹಾರ್ನ್ ಹೊಡೀರಿ, ಒಬ್ರೂ ಏಳಂಗಿಲ್ಲ. ಎಂಜಿನ್ ಬಂದ್ ಮಾಡ್ರಿ, ಐವತ್ತು ಮಂದಿ ಒಮ್ಮೆಲೆ ಕಣ್ಣು ಬಿಟ್ಟು, ಯಾವ ಊರು ಅಂತ ಕೇಳ್ತಾರ. ಮಗನ ಮನ್ಯಾಗೂ ಇದು ನಿಂತಾಗ ನನಗ ಎಚ್ಚರ ಆಗ್ತಿತ್ತು. ಎದ್ದವ ಕೂಸಿನ್ನ ಒಮ್ಮೆ ನೋಡಿ ಬರೂಣಂತ ಹೋಗ್ತಿದ್ದೆ. ಅಷ್ಟರಾಗ ಅದಕ್ಕೂ ಎಚ್ಚರ ಆಗ್ತಿತ್ತು. ನಾ ಅದನ್ನ ಎಬ್ಬಿಸಿಲ್ಲರೀ. ಇಬ್ಬರನ್ನೂ ಇದು ಎಬ್ಬಿಸ್ತಿತ್ತು."

ಬಾಯಿ ತೊಳೆದುಕೊಂಡು ಅವರ ಹಿಂದೆ ಹೊರಟೆ. ಸಾಕೇತ ಆವತ್ತು ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಹಿಂದಿನ ರಾತ್ರಿ ಮಗು ಮತ್ತೆ ಐದು ಸಲ ಎದ್ದಿತ್ತಂತೆ. ಕಾರಿನೊಳಗೆ ಕೇಳುವ ಸದ್ದನ್ನು ಹುಡುಕಿ ತೆಗೆಯುವುದೇ ಅವನ ಉದ್ಯೋಗ. ಮಗುವಿನ ಕೋಣೆಗೆಂದು ತಂದ, ನಿದ್ದೆ ಬರಲೆಂದು ಒಂದೇ ಸಮನೆ ಗುಂಯ್‌ಗುಡುವ ಸದ್ದಿನ ಯಂತ್ರವನ್ನೂ ಡೆಸಿಬಲ್ ಅಳೆದು, ಕಿವಿಗೆ ಒಳ್ಳೆಯದಲ್ಲವೆಂದು ವಾಪಸು ಮಾಡಿದ್ದ.

"ಆ ವಿಡಿಯೋ ಸದ್ದು ಹಚ್ಚಿ ನೋಡಿಯೇನು?" ಎಂದು ಅಪ್ಪ ಕೇಳಿದರು.

ಸಾಕೇತ ಒಮ್ಮೆ ಆಶ್ರಿತಾಳ ಕಡೆ ನೋಡಿದ. "ಮ್ಯೂಟ್ ಮಾಡಿ ನೋಡಿದ್ವಿ ಅಪ್ಪಾ. ಅಳೋದು ಕೇಳಾಕ ಆಗ್ತಿರಲಿಲ್ಲ."

ಹೆಡ್‌ಫೋನ್ ಹಾಕಿಕೊಂಡು ಕುಳಿತ. ಮಗು ಮೊದಲನೆಯ ಸಲ ಎದ್ದದ್ದನ್ನು ನೋಡಿದ, ಎರಡನೆಯ ಸಲದ್ದನ್ನು ನೋಡಿದ. ಏಳನೆಯದರ ಹೊತ್ತಿಗೆ ಅವನ ಮುಖ ಸೋತು ಹೋಗಿತ್ತು. ಪ್ರತಿ ಸಲವೂ ಫರ್ನೇಸು ನಿಲ್ಲುತ್ತದೆ, ಅರ್ಧ ನಿಮಿಷಕ್ಕೆ ಬಾಗಿಲಲ್ಲಿ ಅಪ್ಪ, ಇನ್ನರ್ಧ ನಿಮಿಷಕ್ಕೆ ಮಗುವಿನ ಅಳು.

"ಆಫೀಸಲ್ಲಿ ಅರ್ಧ ಡೆಸಿಬಲ್‌ಗೆ ಜಗಳ ಆಡ್ತೀನಿ ಅಂಕಲ್," ಎಂದ, ಅಪ್ಪನ ಕಡೆ ನೋಡಲಾರದೆ ನನ್ನ ಕಡೆ ನೋಡುತ್ತಾ. ನಂಬರು ಕೊಟ್ಟವನು ನಾನಾದ್ದರಿಂದ ನನಗೂ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಮನೆಯ ಬಿಸಿ ನಿಯಂತ್ರಿಸುವ ಥರ್ಮೋಸ್ಟಾಟಿನಲ್ಲಿ, ಫರ್ನೇಸಿನ ಗಾಳಿ ಊದುವ ಫ್ಯಾನು ಬೇಕಾದಾಗ ಮಾತ್ರ ತಿರುಗುವಂತೆ ಇತ್ತು. ಅದನ್ನು ಸದಾ ತಿರುಗುವಂತೆ, ಸದ್ದು ನಿಲ್ಲದಂತೆ ಬದಲಿಸಿದ. ಇಷ್ಟಕ್ಕೆ ಒಂದು ಗುಂಡಿ ಸಾಕಾಯಿತು.

"ಒಂದು ರಾತ್ರಿ ನೋಡೋಣ," ಎಂದಳು ಆಶ್ರಿತಾ. ಒಂಬತ್ತು ತಿಂಗಳಿಂದ ಸರಿಯಾಗಿ ಮಲಗದವಳು ಯಾವುದನ್ನೂ ಸುಲಭವಾಗಿ ನಂಬುವುದಿಲ್ಲ. "ಅಲ್ಲಿವರ್ಗೂ ಮಾವ ನಿಮ್ಮನೇಲೇ ಇರ್ಲಿ ಅಂಕಲ್."

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಗುರುಲಿಂಗಪ್ಪನವರು ಫೋನ್ ಮುಟ್ಟಲಿಲ್ಲ. ಮುಟ್ಟಲು ಧೈರ್ಯವಿರಲಿಲ್ಲ. ಅಷ್ಟರಲ್ಲಿ ಕರೆಗಂಟೆ ಹೊಡೆದುಕೊಂಡಿತು. ಪೈಜಾಮದ ಮೇಲೆ ಕೋಟು, ಎರಡು ಕಾಲಿಗೆ ಎರಡು ಬಗೆಯ ಬೂಟು ಹಾಕಿಕೊಂಡು ಆಶ್ರಿತಾ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಶ್ರೀಲತಾ ನನ್ನ ತೋಳು ಹಿಡಿದುಕೊಂಡಳು.

"ಆರು ಗಂಟೆಗೆ ನನಗೇ ಎಚ್ಚರ ಆಯ್ತು ಆಂಟಿ," ಎಂದಳು. "ಒಂದು ಸಲನೂ ಅತ್ತಿಲ್ಲ. ಹೆದ್ರಿಕೊಂಡು ಓಡಿಹೋಗಿ ಮೂಗಿನ ಹತ್ರ ಬೆರಳಿಟ್ಟು ನೋಡ್ದೆ. ಉಸಿರಾಡ್ತಿದ್ದ. ಇನ್ನೂ ಮಲಗೇ ಇದಾನೆ. ಸಾಕೇತ್ ಪಕ್ಕದಲ್ಲೇ ಕೂತಿದಾರೆ." ಆಮೇಲೆ ಮಾವನ ಕಡೆ ತಿರುಗಿದಳು. "ಮಾವ, ನಿಮ್ಮನ್ನ ಆಚೆ ಕಳಿಸಿದ್ದು ನಾನು. ಸಾಕೇತ್ ಅಲ್ಲ. ಈಗ ಬನ್ನಿ. ಅವನು ಎದ್ದಾಗ ನೀವೇ ಎತ್ಕೊಳಿ, ನಾವ್ಯಾರೂ ಮುಟ್ಟಲ್ಲ."

"ಈಗ ಎಷ್ಟಾತು?"

"ಏಳೂ ಹತ್ತು."

ಕೋಟು ಹಾಕಿಕೊಳ್ಳಿ ಎಂದು ಶ್ರೀಲತಾ ಹೇಳುವಷ್ಟರಲ್ಲಿ ಅವರು ನಮ್ಮ ಡ್ರೈವ್‌ವೇ ದಾಟಿ ರಸ್ತೆಯ ನಟ್ಟನಡುವೆ ನಡೆಯುತ್ತಿದ್ದರು. ಶಾಲೆಯ ಹಳದಿ ಬಸ್ಸೊಂದು ಅವರ ಹಿಂದೆ ಮೆಲ್ಲಗೆ ಬರುತ್ತಿತ್ತು. ಅವರು ದಾರಿ ಬಿಡಲಿಲ್ಲ.

ಆಶ್ರಿತಾ ಸೋಫಾದ ಅಂಚಿನಲ್ಲಿ ಕುಳಿತಳು. ಶ್ರೀಲತಾ ಕಾಫಿ ತರುವಷ್ಟರಲ್ಲಿ ಬೂಟಿನ ಸಮೇತ ಅಲ್ಲೇ ಒರಗಿ ನಿದ್ದೆ ಹೋಗಿದ್ದಳು. ನಾನು ಏನೋ ಹೇಳಲು ಬಾಯಿ ತೆರೆದೆ. ಶ್ರೀಲತಾ ಆ ಕಾಫಿಯನ್ನು ನನ್ನ ಕೈಗೆ ಕೊಟ್ಟಳು.